ಗೌರಿ ಹಬ್ಬಕ್ಕೆ ಕೊಟ್ಟ ನೀರು

ಹೋದ ಭಾನುವಾರ ಬೆಳಗ್ಗೆ ರಾಜಾಜಿನಗರದ ಒಂದು ಪಾರ್ಕಿನ ಗೇಟಿನ ಎದುರು ಮಡಚುವ ಮೇಜು ಹಾಕಿಕೊಂಡು ಒಬ್ಬ ನಿಂತಿದ್ದ. ಬಿಳಿ ಶರಟು, ಕೆಂಪು ಟೈ. ಮೇಜಿನ ಮೇಲೆ ಮೂರು ಗಾಜಿನ ಲೋಟಗಳಲ್ಲಿ ನೀರು. ಕೈಯಲ್ಲಿ ಕಣ್ಣಿಗೆ ಔಷಧಿ ಬಿಡುವಂಥ ಪುಟ್ಟ ಬಾಟಲಿ. ವಾಕಿಂಗ್ ಮುಗಿಸಿ ಹೊರಬಂದ ಹೆಂಗಸೊಬ್ಬರನ್ನು ನಿಲ್ಲಿಸಿಕೊಂಡು ಪ್ರತಿ ಲೋಟಕ್ಕೂ ಒಂದೆರಡು ಹನಿ ಬಿಟ್ಟ. ಒಂದು ಹಳದಿಯಾಯಿತು, ಒಂದು ಹಸಿರಾಯಿತು, ಇನ್ನೊಂದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

"ಹಳದಿ ಇರೋದು ನೀವು ಮನೇಲಿ ಕುಡಿಯೋ ಫಿಲ್ಟರ್ ನೀರು ಆಂಟಿ. ಆಸಿಡ್! ಈ ನೇರಳೆ ಇರೋದು ನೋಡಿ, ನಮ್ಮ ಆಲ್ಕಲೈನ್ ನೀರು. ಶುಗರು, ಬಿಪಿ, ಮಂಡಿ ನೋವು, ಎಲ್ಲಾದಕ್ಕೂ ಒಳ್ಳೇದು."

"ಕಿಡ್ನಿಗೆ?" ಎಂದರು ಆ ಹೆಂಗಸು.

"ಕಿಡ್ನಿಗಂತೂ ಫಸ್ಟ್ ಕ್ಲಾಸ್."

ಆ ಮೇಜನ್ನು ಒದ್ದು ಉರುಳಿಸಬೇಕು ಅನಿಸಿತು. ಒದೆಯಲಿಲ್ಲ. ಆ ಹೆಂಗಸಿಗೆ "ಕುಡೀಬೇಡಿ ಅಮ್ಮಾ" ಎಂದು ಹೇಳಲೂ ಇಲ್ಲ. ತಲೆ ತಗ್ಗಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಮೈಯೆಲ್ಲ ಉರಿಯತೊಡಗಿತು. ಅವನ ಮೇಲಿನ ಸಿಟ್ಟೋ ನನ್ನ ಮೇಲಿನ ಸಿಟ್ಟೋ ಹೇಳಲಾರೆ. ಅವನ ಜಾಗದಲ್ಲಿ ಒಂದು ಕಾಲಕ್ಕೆ ನಾನೇ ನಿಂತಿದ್ದೆ. ಅಂಥದ್ದೇ ಬಾಟಲಿ ಹಿಡಿದುಕೊಂಡು, ಅದೇ ಮಾತು ಹೇಳಿಕೊಂಡು... ನಾನು ಹೇಳಿದ್ದು ಬೀದಿಯ ಹೆಂಗಸರಿಗಲ್ಲ, ನನ್ನ ಅಕ್ಕನಿಗೆ.

ನಾನು ಓದಿದ್ದು ಒಂಬತ್ತನೇ ಕ್ಲಾಸು, ಅದೂ ಪೂರ್ತಿಯಲ್ಲ. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬರೆಯದೆ ಇರಲಾರೆ.

ಅಪ್ಪ ಮೊದಲೇ ಇರಲಿಲ್ಲ, ಅಮ್ಮನೂ ಹೋದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ಅಕ್ಕ ಶಾಲೆ ಬಿಟ್ಟು ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಸೇರಿದಳು. ಚೆಕಿಂಗ್ ಕೆಲಸ. ಹೊಲಿದು ಬಂದ ಶರಟುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಬಿಟ್ಟ ಹೊಲಿಗೆ, ಓರೆ ಕಾಲರು, ತಪ್ಪಿದ ಗುಂಡಿ ಕಾಜಾ ಹುಡುಕುವುದು. ಆ ಕಣ್ಣು ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರ ಶರಟು ನೋಡಿ, "ಅಯ್ಯೋ, ಆ ಮನುಷ್ಯನ ಜೇಬು ಜಾರಿ ಸೊಂಟಕ್ಕೆ ಬಂದಿದೆ ನೋಡೋ" ಎಂದು ನಗುತ್ತಿದ್ದಳು. ನನ್ನ ಹೆಂಡತಿಯನ್ನು ನೋಡಲು ಹೋದ ದಿನ, ಹುಡುಗಿ ಹೇಗಿದ್ದಾಳೆ ಎಂದು ಕೇಳಿದರೆ, "ಹುಡುಗಿ ಚೆನ್ನಾಗವ್ಳೆ, ಬ್ಲೌಸು ಹೊಲಿದೋನನ್ನ ಮಾತ್ರ ಜೈಲಿಗೆ ಹಾಕ್ಬೇಕು" ಎಂದಳು. ಇಷ್ಟು ಕಣ್ಣಿದ್ದ ಅಕ್ಕ ನನ್ನಲ್ಲಿ ಮಾತ್ರ ಯಾವತ್ತೂ ಓರೆ ಹುಡುಕಲಿಲ್ಲ.

ನನ್ನನ್ನು ಒಂದು ದಾರಿಗೆ ಹಚ್ಚಿದ ಮೇಲೆಯೇ ಅವಳು ಮದುವೆಯಾದದ್ದು. ಭಾವ ನಾಯಂಡಹಳ್ಳಿಯಲ್ಲಿ ಒಂದು ಗೋಡೌನ್ ನೋಡಿಕೊಳ್ಳುತ್ತಿದ್ದರು. ಅಲ್ಲೇ ಹತ್ತಿರ ಮನೆ. ಮಗಳು ಹುಟ್ಟಿದಳು, ಬೆಳೆದಳು, ಮದುವೆಯೂ ಆಯಿತು. ಅದಾದ ಮೇಲೆ ಅಕ್ಕನಿಗೆ ಕಿಡ್ನಿ ಸೊರಗಿದೆ ಎಂದು ಗೊತ್ತಾಯಿತು. ಡಯಾಲಿಸಿಸ್ ಈಗಲೇ ಬೇಡ, ಆದರೆ ಉಪ್ಪು ಕಡಿಮೆ, ಎಳನೀರು ಬೇಡ, ನೀರು ದಿನಕ್ಕೆ ಒಂದು ಲೀಟರಿನ ಒಳಗೆ ಎಂದರು ಡಾಕ್ಟರು. ಸಾರು, ಕಾಫಿ, ಮಜ್ಜಿಗೆ ಎಲ್ಲ ಅದರಲ್ಲೇ ಲೆಕ್ಕ.

ಬಾಯಾರಿಕೆ ಅಂದರೆ ಏನೆಂದು ನಾನು ನೋಡಿದ್ದು ಅಕ್ಕನಲ್ಲಿ. ಬೆಳಗ್ಗೆ ಬಾಟಲಿಗೆ ನೀರು ತುಂಬಿಸಿ ದೇವರ ಗೂಡಿನ ಪಕ್ಕ ಇಡುತ್ತಿದ್ದಳು. ಸಂಜೆಯವರೆಗೆ ಅದೇ. ಬೇಸಿಗೆಯಲ್ಲಿ ಒದ್ದೆ ಬಟ್ಟೆ ತುಟಿಗೆ ಒತ್ತಿಕೊಳ್ಳುತ್ತಿದ್ದಳು. ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ದವಡೆಯಿಂದ ದವಡೆಗೆ ಉರುಳಿಸುತ್ತಿದ್ದಳು. ನಾನು ಹೋದರೆ ನನಗೆ ಚೊಂಬು ತುಂಬ ನೀರು ತಂದುಕೊಡುತ್ತಿದ್ದಳು. ನಾನು ಗಟಗಟ ಕುಡಿಯುವಾಗ ನನ್ನ ಗಂಟಲನ್ನೇ ನೋಡುತ್ತಾ ಕೂರುತ್ತಿದ್ದಳು. "ಏನಕ್ಕ ಹಂಗ್ ನೋಡ್ತೀಯಾ?" ಅಂದರೆ, "ನಿನ್ನ ಬಾಯಲ್ಲಿ ನಾನೂ ಕುಡಿದೆ ಬಿಡು" ಅನ್ನುತ್ತಿದ್ದಳು.

ಹಾಗೆ ಎರಡು ವರ್ಷ ತಡೆದಳು. ಯಾರೂ ಕಾವಲಿರಲಿಲ್ಲ. ಭಾವ ಬೆಳಗ್ಗೆ ಗೋಡೌನಿಗೆ ಹೋದರೆ ಮನೆಯಲ್ಲಿ ಅವಳೊಬ್ಬಳೇ, ಅಡುಗೆ ಮನೆಯಲ್ಲಿ ತುಂಬಿದ ಕೊಡ. ಆದರೂ ತಡೆದಳು. ಇದನ್ನು ಓದುವವರು ಇದೊಂದನ್ನು ಮರೆಯಬಾರದು.

ನನ್ನ ಕೆಲಸ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ. ಕಬ್ಬಿಣದ ಬೋಲ್ಟು, ಬ್ರಾಕೆಟ್ಟುಗಳಿಗೆ ನಿಕಲ್ ಹೊಳಪು ಕೊಡುವುದು. ಮೊದಲು ಕಾಸ್ಟಿಕ್, ಅಂದರೆ ಕ್ಷಾರದ ತೊಟ್ಟಿಯಲ್ಲಿ ಅದ್ದಿ ಜಿಡ್ಡು ತೆಗೆಯಬೇಕು, ತೊಳೆದು ಆಸಿಡ್ಡಿನಲ್ಲಿ ಅದ್ದಿ ತುಕ್ಕು ತೆಗೆಯಬೇಕು, ಆಮೇಲೆ ನಿಕಲ್ಲು. ತೊಟ್ಟಿ ಸರಿಯಾಗಿದೆಯೋ ಇಲ್ಲವೋ ನೋಡುವುದಕ್ಕೆ ನಮ್ಮಲ್ಲಿ ಒಂದು ಕಾಗದದ ಪಟ್ಟಿ ಇರುತ್ತದೆ. ಅದ್ದಿದರೆ ಬಣ್ಣ ಬದಲಾಗುತ್ತದೆ. ಆಸಿಡ್ಡಾದರೆ ಕೆಂಪು, ಹಳದಿ. ಕಾಸ್ಟಿಕ್ಕಾದರೆ ನೀಲಿ, ನೇರಳೆ. ದಿನಾ ಅದ್ದುತ್ತಿದ್ದೆ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೂ ನೀರು ನೀಲಿ ತೋರಿಸುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಆ ಬಣ್ಣ ಹೇಳುವುದು ತೊಟ್ಟಿಯ ಸಮಾಚಾರವನ್ನು. ಮನುಷ್ಯನ ಆರೋಗ್ಯದ ಸಮಾಚಾರ ಅದಕ್ಕೇನು ಗೊತ್ತು?

ಕೊರೋನಾ ಬರುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಶೆಡ್ಡಿನಲ್ಲಿ ಆರ್ಡರು ಕಡಿಮೆಯಾಗಿ ವಾರದ ಅರ್ಧದಷ್ಟು ದಿನ ಕೆಲಸವಿಲ್ಲದೆ ಕೂತಿದ್ದೆವು. ಟೀ ಅಂಗಡಿಯಲ್ಲಿ ಒಬ್ಬ ಪರಿಚಯವಾದ. ಎಲ್ಲರೂ ಅವನನ್ನು ಲೀಡರ್ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನೀರಿನ ಮೆಷಿನ್ ಮಾರುವವನು. ವಿಜಯನಗರದಲ್ಲಿ ಒಂದು ಸ್ವೀಟ್ ಅಂಗಡಿಯ ಮಹಡಿ ಮೇಲೆ ಭಾನುವಾರ ಮೀಟಿಂಗ್. ಒಳಗೆ ಕಾಲಿಟ್ಟ ಕೂಡಲೇ ಯಾರೋ ಕೈ ಕುಲುಕಿ "ಬನ್ನಿ ಸಾರ್" ಅಂದರು. ಶೆಡ್ಡಿನಲ್ಲಿ ನಾನು ಹದಿನಾರರ ವಯಸ್ಸಿನಿಂದ "ಲೋ". ತಲೆ ನರೆತ ಮೇಲೂ "ಲೋ". ಅಲ್ಲಿ ಸಾರ್. ಟೈ ಕಟ್ಟಿಕೊಳ್ಳುವುದನ್ನು ಲೀಡರೇ ಕಲಿಸಿಕೊಟ್ಟ. ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡು ನಾನೇ ಮರುಳಾದೆ. ಇದಕ್ಕೆ ಬೇರೆ ಕಾರಣ ಹುಡುಕಿ ನನ್ನನ್ನು ಉಳಿಸಿಕೊಳ್ಳಬೇಡಿ. ಒಂದು ಟೈಗೆ, ಒಂದು ಸಾರ್‌ಗೆ ನಾನು ಬಿದ್ದೆ.

ಅವತ್ತು ವೇದಿಕೆಯ ಮೇಲೆ ಲೋಟಗಳಿಗೆ ಹನಿ ಹಾಕಿ ಬಣ್ಣ ತೋರಿಸಿದರು. ಸುತ್ತ ಕೂತವರು ಚಪ್ಪಾಳೆ ಹೊಡೆದರು. ನನಗೆ ಒಳಗೇ ನಗು ಬಂತು, ಇದು ನಮ್ಮ ತೊಟ್ಟಿ ಆಟವಲ್ಲವೇ ಎಂದು. ನಕ್ಕೆನೇ? ಇಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ.

ಮೆಷಿನ್ ಕೊಳ್ಳುವ ಶಕ್ತಿ ನನಗಿರಲಿಲ್ಲ. ಲೀಡರ್ ಬೆನ್ನು ತಟ್ಟಿದ. "ಮೆಷಿನ್ ಆಮೇಲೆ ಸಾರ್. ನನ್ನ ಮನೆ ಮೆಷಿನ್ನಿಂದ ಕ್ಯಾನಲ್ಲಿ ನೀರು ತಗೊಂಡ್ಹೋಗಿ ಮೊದ್ಲು ಮನೆಯವರಿಗೆ ಕುಡಿಸಿ. ಒಬ್ರು ಹುಷಾರಾಗ್ಲಿ. ಅವರನ್ನ ಸ್ಟೇಜ್ ಮೇಲೆ ಕರ್ಕೊಂಡ್ಬನ್ನಿ. ಆ ಮಾತು ಕೇಳಿ ನೂರು ಜನ ಬರ್ತಾರೆ. ಮನೇಲಿ ಯಾರಿಗಾದ್ರೂ ಏನಾದ್ರೂ ಇದೆಯಾ?"

"ಅಕ್ಕಂಗೆ ಕಿಡ್ನಿ" ಅಂದೆ.

ಅವನ ಮುಖ ಅರಳಿತು. ಇವತ್ತಿಗೂ ಆ ಮುಖ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ. ಒಬ್ಬ ಹೆಂಗಸಿಗೆ ಕಿಡ್ನಿ ಸೊರಗಿದೆ ಎಂದು ಕೇಳಿ ಒಬ್ಬ ಮನುಷ್ಯನ ಮುಖ ಅರಳಿತು, ಎದುರು ಕೂತಿದ್ದ ಅವಳ ತಮ್ಮನೂ ಜೊತೆಗೆ ನಕ್ಕ.

"ಡಾಕ್ಟ್ರು ಅವಳಿಗೆ ನೀರು ಕಡಿಮೆ ಕುಡೀಬೇಕು ಅಂದಿದಾರೆ ಸಾರ್" ಎಂದೆ.

"ಅದು ಮಾಮೂಲಿ ನೀರಿಗೆ. ಮೋರಿ ಕಟ್ಟಿದ್ರೆ ಏನ್ ಮಾಡ್ತೀರಾ? ನೀರು ಹೊಡೀತೀರಾ ತಾನೇ? ಅಷ್ಟೇ. ಮಾತ್ರೆ ಬಿಡಿ ಅಂತ ನಾವು ಯಾರಿಗೂ ಹೇಳಲ್ಲ, ಗೊತ್ತಾಯ್ತಾ? ಅವರ ಬಾಡೀನೇ ಹೇಳುತ್ತೆ."

ಕಟ್ಟಿದ ಮೋರಿಗೆ ನೀರು ಹೊಡೆದರೆ ನೀರು ವಾಪಸ್ಸು ಮನೆಯೊಳಕ್ಕೆ ನುಗ್ಗುತ್ತದೆ. ನಾಯಂಡಹಳ್ಳಿಯ ದೊಡ್ಡ ಮೋರಿ ಮಳೆಗಾಲದಲ್ಲಿ ಏನು ಮಾಡುತ್ತದೆ ಎಂದು ಕಣ್ಣಾರೆ ಕಂಡವನು ನಾನು. ಅದನ್ನೂ ನುಂಗಿಕೊಂಡೆ.

ಗೌರಿ ಹಬ್ಬ ಬಂತು. ನಮ್ಮಲ್ಲಿ ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗಲೇಬೇಕು. ಅಪ್ಪ ಅಮ್ಮ ಇಲ್ಲದ ಮೇಲೆ ಅಕ್ಕನಿಗೆ ತವರು ಅಂದರೆ ನಾನು. ಪ್ರತಿವರ್ಷ ಮೊರದ ಬಾಗಿನದ ಜೊತೆ ಒಂದು ರವಿಕೆ ಕಣ, ಬಳೆ, ಹೂವು ಕೊಡುತ್ತಿದ್ದೆ. ತವರಿನಿಂದ ಬಂದದ್ದನ್ನು ಹೆಣ್ಣುಮಕ್ಕಳು ಬೇಡ ಅನ್ನುವಂತಿಲ್ಲ. ಅಂದರೆ ತವರು ತಣ್ಣಗಿರುವುದಿಲ್ಲ ಎಂಬ ನಂಬಿಕೆ. ಒಂದು ವರ್ಷ ಕೈಗೆ ಹತ್ತದ ಚಿಕ್ಕ ಬಳೆ ತಂದುಕೊಟ್ಟಿದ್ದೆ. ಅಕ್ಕ ಸೋಪು ಹಚ್ಚಿ, ಕೈ ಕೆಂಪಾಗುವಂತೆ ತಿಕ್ಕಿ ಏರಿಸಿಕೊಂಡಳೇ ಹೊರತು ಬದಲಾಯಿಸಿಕೊಡು ಅನ್ನಲಿಲ್ಲ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ದಿನವನ್ನು ಆರಿಸಿದೆ. ಬೇರೆ ದಿನ ಒಯ್ದಿದ್ದರೆ ಅವಳು, "ಡಾಕ್ಟ್ರನ್ನ ಕೇಳ್ತೀನಿ ಇರೋ" ಅನ್ನುತ್ತಿದ್ದಳು. ಬಾಗಿನದ ಮೊರದ ಪಕ್ಕ ಕ್ಯಾನ್ ಇಟ್ಟು ಅದಕ್ಕೂ ಅರಿಶಿನ ಕುಂಕುಮ ಹಚ್ಚಿದೆ.

"ಇದೇನೋ? ಮದುವೆ ಹೆಣ್ಣಿನ ಥರ ಸಿಂಗಾರ ಮಾಡಿದೀಯ ಕ್ಯಾನಿಗೆ?" ಎಂದು ನಕ್ಕಳು.

"ಇದು ಬೇರೆ ನೀರು ಅಕ್ಕ. ಔಷಧಿ. ಇದಕ್ಕೆ ಲೆಕ್ಕ ಇಲ್ಲ. ಎಷ್ಟು ಬೇಕೋ ಅಷ್ಟು ಕುಡಿ."

ಅವಳ ನಗು ನಿಂತಿತು. ಕ್ಯಾನನ್ನು ನೋಡಿದಳು, ನನ್ನನ್ನು ನೋಡಿದಳು.

"ಡಾಕ್ಟ್ರು..."

"ನಾನ್ ನಿಂಗೆ ಕೆಟ್ಟದ್ ಮಾಡ್ತೀನಾ?" ಎಂದೆ.

ಇನ್ನೇನು ಹೇಳಿಯಾಳು? ಲೋಟಕ್ಕೆ ಬಗ್ಗಿಸಿ, ಬಾಗಿನವನ್ನು ಒತ್ತಿಕೊಳ್ಳುವ ಹಾಗೆ ಲೋಟವನ್ನು ಕಣ್ಣಿಗೊತ್ತಿಕೊಂಡು ಕುಡಿದಳು. ಇನ್ನೊಂದು ಲೋಟ ಬಗ್ಗಿಸಿಕೊಂಡಳು. ಎರಡು ವರ್ಷದ ಮೇಲೆ ಅವಳು ಹೊಟ್ಟೆ ತುಂಬ ನೀರು ಕುಡಿದದ್ದು ಅವತ್ತು. ಕಣ್ಣಲ್ಲಿ ನೀರು ಬಂತು. "ಎಷ್ಟ್ ಚೆನ್ನಾಗಿದೆಯೋ..." ಅಂದಳು. ನೀರಿನ ರುಚಿಗೆ ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ಕಂಡಿಲ್ಲ.

ಆಮೇಲೆ ಬಸವೇಶ್ವರನಗರದ ಲೀಡರ್ ಮನೆಯಿಂದ ನಾಯಂಡಹಳ್ಳಿಗೆ ಸ್ಕೂಟರಿನಲ್ಲಿ ಕ್ಯಾನ್ ಸಾಗಿಸುವುದೇ ನನ್ನ ಕೆಲಸವಾಯಿತು. ಭಾವ ಕ್ಯಾನ್ ನೋಡಿದ್ದರು. ಬೋರ್‌ವೆಲ್ ನೀರಿನ ಬದಲು ಅಕ್ಕನಿಗೆ ಅವಳ ತಮ್ಮ ಒಳ್ಳೆಯ ನೀರು ತಂದುಕೊಡುತ್ತಾನೆ ಎಂದುಕೊಂಡು ಸಂತೋಷವನ್ನೇ ಪಟ್ಟರು. ಲೆಕ್ಕ ಬಿಟ್ಟು ಕುಡಿ ಎಂದು ನಾನು ಹೇಳಿದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಬೇಡ ಎಂದು ಅಕ್ಕನಿಗೆ ನಾನೇ ಹೇಳಿದ್ದೆ. ಹುಷಾರಾದ ಮೇಲೆ ಒಂದೇ ಸಲ ಹೇಳೋಣ, ಭಾವನ ಮುಖ ನೋಡೋಣ ಎಂದಿದ್ದೆ.

ಮೊದಲು ಊದಿದ್ದು ಕಾಲು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ನಾನು ಲೀಡರ್‌ಗೆ ಫೋನ್ ಮಾಡಿದೆ.

"ಒಳ್ಳೇ ಲಕ್ಷಣ ಸಾರ್! ಒಳಗಿನ ವಿಷ ಹೊರಗೆ ಬರ್ತಾ ಇದೆ. ಈಗ ನಿಲ್ಲಿಸಿದ್ರೆ ಕೆಡುತ್ತೆ. ಇನ್ನೂ ಜಾಸ್ತಿ ಕುಡಿಸಿ. ಮುಂದಿನ ತಿಂಗಳ ಮೀಟಿಂಗಿಗೆ ಅವರನ್ನ ಕರ್ಕೊಂಡ್ಬನ್ನಿ, ಮರೀಬೇಡಿ."

ಇನ್ನೂ ಜಾಸ್ತಿ ಕುಡಿಸಿದೆ. ಅಕ್ಕನಿಗೆ ಅನುಮಾನ ಬಂದಿತ್ತು. ಸಾವಿರ ಶರಟಿನಲ್ಲಿ ಒಂದು ಬಿಟ್ಟ ಹೊಲಿಗೆ ಹಿಡಿಯುವವಳಿಗೆ ತನ್ನ ಕಾಲು ಕಾಣದೆ ಇರುತ್ತದೆಯೇ? "ಯಾಕೋ ಮೈ ಭಾರ ಕಣೋ" ಅಂದಳು ಒಮ್ಮೆ. ನಾನು ಮುಖ ಸಣ್ಣದು ಮಾಡಿಕೊಂಡೆ. "ಆಯ್ತು ಆಯ್ತು, ಕುಡೀತೀನಿ, ಮುಖ ಹಂಗ್ ಮಾಡ್ಬೇಡ" ಎಂದು ಲೋಟ ಎತ್ತಿದಳು.

ಒಂದು ಬೆಳಗ್ಗೆ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂತಿದ್ದವಳನ್ನು ಭಾವ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ನಾನು ಹೋಗುವ ಹೊತ್ತಿಗೆ ಮೂಗಿಗೆ ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಶ್ವಾಸಕೋಶಕ್ಕೆ ನೀರು ತುಂಬಿದೆ ಎಂದರು ಡಾಕ್ಟರು. ಅವರಿಗೆ ಸಿಟ್ಟು ಬಂದಿತ್ತು.

"ಇಷ್ಟು ದಿನ ಚೆನ್ನಾಗಿ ಇಟ್ಕೊಂಡಿದ್ರಲ್ಲಮ್ಮ. ಏನಾಯ್ತು? ಯಾರು ಹೇಳಿದ್ರು ಇಷ್ಟು ನೀರು ಕುಡಿ ಅಂತ?"

ಮಂಚದ ಆ ಕಡೆ ಭಾವ, ಈ ಕಡೆ ನಾನು. ಅಕ್ಕನ ಕಣ್ಣು ನನ್ನ ಕಡೆ ತಿರುಗಿತು. ಕ್ಷಣ ಅಷ್ಟೇ. ಊದಿದ ಕೈಯಿಂದ ಮಾಸ್ಕನ್ನು ಸ್ವಲ್ಪ ಎತ್ತಿ, "ಯಾರೂ ಇಲ್ಲ ಸಾರ್... ನಾನೇ. ಬಾಯಾರಿಕೆ ತಡೆಯಕ್ಕಾಗ್ಲಿಲ್ಲ" ಎಂದಳು.

ಭಾವ ರೇಗಿದರು. "ಹಠ ಸಾರ್ ಇವಳದ್ದು. ನಾಲಿಗೆ ಚಪಲ. ಎಷ್ಟ್ ಹೇಳಿದ್ರೂ ಅಷ್ಟೇ. ನಮ್ಮನ್ನೆಲ್ಲ ಬೀದಿಗೆ ತರೋಕೇ ಹುಟ್ಟಿದಾಳೆ" ಎಂದರು. ಹೆದರಿದ ಗಂಡಸರು ಹಾಗೆಯೇ ಬೈಯುತ್ತಾರೆ. ಅಕ್ಕ ಕಣ್ಣು ಮುಚ್ಚಿಕೊಂಡು ಬೈಸಿಕೊಂಡಳು.

ನಾನು ಗೋಡೆ ನೋಡುತ್ತಾ ನಿಂತಿದ್ದೆ. ಒಂದು ಮಾತು ಸಾಕಿತ್ತು. ಉಸಿರಾಡುವುದಕ್ಕೇ ಆಗದ ಹೆಂಗಸು ಮಾಸ್ಕ್ ಎತ್ತಿ ಮಾತಾಡಿದಳು. ಗಟ್ಟಿಮುಟ್ಟಾಗಿದ್ದ ನನಗೆ ಬಾಯಿ ಬಿಡಲಾಗಲಿಲ್ಲ.

ಮಧ್ಯಾಹ್ನಕ್ಕೆ ಒಳಗಿನ ವಾರ್ಡಿಗೆ ಸಾಗಿಸಿದರು. ಆಮೇಲೆ ಅವಳು ನಮ್ಮ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ಹೋದಳು.

ಲೀಡರ್‌ನನ್ನು ಹುಡುಕಿಕೊಂಡು ಹೋದೆ. ಕೊಲ್ಲುವಷ್ಟು ಸಿಟ್ಟಿತ್ತು. ಅವನು ಕುರ್ಚಿ ಎಳೆದು ಕೂರಿಸಿ, "ಲೇಟಾಗಿ ಶುರು ಮಾಡಿದ್ರಿ ಸಾರ್" ಎಂದ. ಅವನ ಕಾಲರ್ ಹಿಡಿದೆ. "ಮಾತ್ರೆ ಬಿಡಿ ಅಂದ್ನಾ ನಾನು? ಕುಡಿಸಿದ್ದು ಯಾರು? ನಾನಾ ನೀವಾ?" ಎಂದು ಕೇಳಿದ. ನನ್ನ ಕೈ ತಾನಾಗಿ ಸಡಿಲವಾಯಿತು. ಕಳ್ಳನ ಬಾಯಿಂದ ಬಂದರೂ ಮಾತು ನಿಜವಾಗಿತ್ತು. ಆ ಮೇಲೆ ಅವನು ಮನೆ ಖಾಲಿ ಮಾಡಿದ. ಈಗ ಎಲ್ಲಿ ಯಾವ ಊರಿನಲ್ಲಿ ಯಾರ ಕಿಡ್ನಿ ಕೇಳಿ ಮುಖ ಅರಳಿಸುತ್ತಿದ್ದಾನೋ...

ಸಾವಿನ ಮನೆಯಲ್ಲಿ ಶುರುವಾದ ಮಾತು ಇಷ್ಟು ವರ್ಷವೂ ನಿಲ್ಲಲಿಲ್ಲ. "ಪಾಪ, ಬಾಯಿ ಕಟ್ಟಲಿಲ್ಲ." "ಡಾಕ್ಟ್ರು ಅಷ್ಟು ಹೇಳಿದ್ರಂತೆ, ಹಠಮಾರಿ." ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ಯಾರಿಗಾದರೂ ಪಥ್ಯ ಹೇಳಬೇಕಾದರೆ ನನ್ನ ಅಕ್ಕನೇ ಉದಾಹರಣೆ. ನಾನು ಅಲ್ಲೇ ಕೂತು ಎಲೆಯಲ್ಲಿದ್ದದ್ದನ್ನು ತಿನ್ನುತ್ತಿದ್ದೆ.

ಪಾರ್ಕಿನ ಗೇಟಿನಿಂದ ಓಡಿ ಬಂದ ಮಾರನೆಯ ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ಸಂಜೆ ನಾಯಂಡಹಳ್ಳಿಗೆ ಹೋದೆ. ಭಾವನಿಗೆ ವಯಸ್ಸಾಗಿದೆ. ಅಕ್ಕನ ಮಗಳು, ಅಳಿಯ ಈಗ ಅವರ ಜೊತೆಗೇ ಇದ್ದಾರೆ. ಅವತ್ತು ಅವರಿಬ್ಬರೂ ಹೊರಗೆ ಹೋಗಿದ್ದರು. ಮನೆಯಲ್ಲಿ ಭಾವ ಮತ್ತು ಪುಟ್ಟ ಮೊಮ್ಮಗಳು. ಮಗು ಕೆಮ್ಮುತ್ತಿತ್ತು. ಐಸ್‌ಕ್ರೀಮ್ ಬೇಕು ಎಂದು ನೆಲಕ್ಕೆ ಕಾಲು ಬಡಿಯುತ್ತಿತ್ತು.

"ನೋಡೋ, ಥೇಟ್ ಅವರಜ್ಜಿ" ಎಂದರು ಭಾವ ನನ್ನ ಕಡೆ ತಿರುಗಿ. "ಅದೇ ಹಠ. ನಿಮ್ಮಜ್ಜೀನೂ ಹಿಂಗೇ ಕಣೇ, ಬಾಯಿ ಕಟ್ಟದೇ ಸತ್ಲು."

"ಅಕ್ಕ ಹಠಮಾರಿ ಅಲ್ಲ ಭಾವ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಮಗು ಕಾಲು ಬಡಿಯುವುದನ್ನು ನಿಲ್ಲಿಸಿತು. "ಹಠ ಇದ್ದಿದ್ರೆ ಬದುಕಿರ್ತಿದ್ಲು. ಬೇಡ ಹೋಗೋ ಅಂತ ನನ್ನ ಮುಖಕ್ಕೆ ಎರಚಿರ್ತಿದ್ಲು ಆ ನೀರನ್ನ."

ಎಲ್ಲ ಹೇಳಿದೆ. ಮೀಟಿಂಗು, ಬಾಗಿನ, ಎಷ್ಟು ಬೇಕೋ ಅಷ್ಟು ಕುಡಿ ಅಂದದ್ದು, ನಿಮಗೆ ಹೇಳಬೇಡ ಅಂದದ್ದು, ಕಾಲು ಊದಿದ ಮೇಲೂ ಕುಡಿಸಿದ್ದು. ಆ ಬಣ್ಣದ ಆಟ ಸುಳ್ಳು ಎಂದು ನನಗೆ ಮೊದಲೇ ಗೊತ್ತಿದ್ದದ್ದನ್ನೂ ಹೇಳಿದೆ. ಅದೊಂದನ್ನು ಬಿಟ್ಟು ಹೇಳಬಹುದಿತ್ತು. ಬಿಡಲಿಲ್ಲ.

ಭಾವ ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಮೊಮ್ಮಗಳನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಮೆಲ್ಲಗೆ, "ನಾಲಿಗೆ ಚಪಲ ಅಂದೆ ಕಣೋ ಅವಳಿಗೆ" ಎಂದರು. "ಬೀದಿಗೆ ತರೋಕೇ ಹುಟ್ಟಿದಾಳೆ ಅಂದೆ. ನಾನವಳ ಹತ್ರ ಆಡಿದ ಕೊನೇ ಮಾತು ಅದು. ನೀನು ಪಕ್ಕದಲ್ಲೇ ನಿಂತಿದ್ದೆ."

"ಎದ್ದು ಹೋಗು" ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗೆ ಮಗು ಕೇಳುತ್ತಿತ್ತು, "ತಾತಾ, ಅಜ್ಜಿ ಹಠ ಮಾಡ್ತಿರ್ಲಿಲ್ವಾ?"

"ಇಲ್ಲ ಕಣಮ್ಮಾ" ಎಂದರು ಭಾವ. ದನಿ ಒಡೆದಿತ್ತು. "ನಿಮ್ಮಜ್ಜಿ ಎರಡು ವರ್ಷ ಬಾಯಾರ್ಕೊಂಡೇ ಇದ್ಲು. ಒಂದು ಗುಟುಕು ಜಾಸ್ತಿ ಕುಡೀಲಿಲ್ಲ."

ಆ ಮನೆಯಲ್ಲಿ ಈ ಮಾತು ಹುಟ್ಟುವುದಕ್ಕೆ ಇಷ್ಟು ವರ್ಷ ಬೇಕಾಯಿತು. ತಡೆದು ನಿಲ್ಲಿಸಿದ್ದವನು ನಾನು. ಭಾವ ಇನ್ನು ಮೇಲೆ ನನ್ನನ್ನು ಒಳಗೆ ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ಆ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದವಳು ಮಾತ್ರ ಇಲ್ಲ.